ಬಾಣಂತಿ ಖೋಲ್ಯಾಗ ಜ್ವಾಳದ ಚೀಲ

ಕೊಳಗಲ್ಲಿನ ಹುಲುಗಮ್ಮನ ಮನ್ಯಾಗ ಜ್ವಾಳಕ್ಕ ನುಸಿ ಹತ್ತಿತ್ತು. ಚೀಲದಾಗ ಕೈ ಇಟ್ರ ಬರೇ ಹಿಟ್ಟು, ಮ್ಯಾಲೆಲ್ಲ ಹುಳ. ಇರೂದು ಎರಡ ಖೋಲಿ. ಒಳಗಿನ ಖೋಲ್ಯಾಗ ಮಗಳು ಮೀನಾ, ಹದಿನಾಲ್ಕು ದಿನದ ಬಾಣಂತಿ. ಗಾಳಿ ಬಡೀಬಾರ್ದಂತ ಕಿಟಕಿ ಸಂದಿಗೆಲ್ಲ ಹಳೇ ಸೀರಿ ತುರುಕಿದ್ರು. ಏಳು ಚೀಲ ಜ್ವಾಳಾನೂ ಅಲ್ಲೇ, ಮಂಚದ ಬಾಜೂಕ.

ಹುಲುಗಮ್ಮನ ಗಂಡ ಪಕ್ಕೀರಪ್ಪ ಅಂಗಡ್ಯಾಗಿಂದ ವಿಷದ ಗ್ಯಾಸು ಬಿಡೂ ನುಸಿ ಗುಳಿಗಿ ತಂದಿದ್ದ. ಡಬ್ಬಿ ಬಿಚ್ಚಾಕ ಕುಂತಿದ್ದ, ಅಷ್ಟೊತ್ತಿಗೆ ಆಶಾ ಕಾರ್ಯಕರ್ತೆ ವೀರಭದ್ರಮ್ಮ ಕೂಸಿನ ತೂಕ ನೋಡಾಕ ಬಂದ್ಲು.

"ಮಾವಾ, ಎಲ್ಲಿ ಇಡ್ತೀರಿ ಅದನ್ನ?"

"ಚೀಲದಾಗ. ಖೋಲಿ ಹೆಂಗೂ ಬಿಗಿ ಐತಿ, ಗ್ಯಾಸು ಹೊರಗ ಹೋಗಂಗಿಲ್ಲ. ಎಲ್ಲಾ ಖಲಾಸ್!"

"ಹೌದ್ರಿ, ಎಲ್ಲಾ ಖಲಾಸ್. ಹುಳ, ಮಗಳು, ಮೊಮ್ಮಗ."

"ಸುಮ್ನ ಹೆದರಸ್ಬ್ಯಾಡವಾ. ಸಿರುಗುಪ್ಪದಾಗ ನನ್ನ ಹೆಂಡ್ತಿ ತಮ್ಮ ಎರ್ರಿ ಭತ್ತಕ್ಕ ಇದನ್ನ ಇಟ್ಟಿದ್ದ."

ಜ್ವಾಳ ಕೇರ್ತಿದ್ದ ಹುಲುಗಮ್ಮ ಮೊರ ಕೆಳಗಿಟ್ಲು. "ಯಾವಾಗ ಇಟ್ಟಿದ್ದ?"

"ಹೋದ ಉಗಾದಿ ಮುಂದ."

ಅದ ಉಗಾದಿ ಮುಂದ ಎರ್ರಿಯ ಮೂರು ವರ್ಷದ ಮೊಮ್ಮಗಳು ವಾಂತಿ ಮಾಡ್ಕೊಂತ, ಬಳ್ಳಾರಿ ದವಾಖಾನಿ ಮುಟ್ಟೂದ್ರಾಗ ಜೀವ ಬಿಟ್ಟಿತ್ತು. ದೆವ್ವದ ಗಾಳಿ ಸೋಕೈತಿ ಅಂದಿದ್ರು ಮಂದಿ. ಹುಲುಗಮ್ಮ ಅದನ್ನೆಲ್ಲ ಹೇಳಿದ್ಲು.

"ಆ ಕೂಸು ಎಲ್ಲಿ ಮಲಗ್ತಿತ್ತು?" ವೀರಭದ್ರಮ್ಮ ಮೆಲ್ಲಗ ಕೇಳಿದ್ಲು.

"ಭತ್ತದ ಚೀಲದ ಮ್ಯಾಗ," ಅಂದ್ಲು ಹುಲುಗಮ್ಮ.

ಪಕ್ಕೀರಪ್ಪ ಡಬ್ಬಿ ಕೆಳಗಿಟ್ಟ. "ಹಂಗಾರ ಜ್ವಾಳ ಹುಳಕ್ಕ ಬಿಡ್ಲೇನು?"

"ಯಾಕ ಬಿಡ್ತೀರಿ? ಚೀಲ ಹೊರಗ ತಗೀರಿ. ಬಿಸಲಿಗೆ ಹಾಕಿ, ಜರಡಿ ಹಿಡೀರಿ. ಚಲೋ ಒಣಗಿಸಿ ಬಿಗಿ ಮುಚ್ಚಳದ ಡ್ರಮ್ಮಿಗೆ ತುಂಬ್ರಿ. ನೀಲಗಿರಿ ಎಣ್ಣ್ಯಾಗ ಅದ್ದಿದ ಹತ್ತೀನ ಬಟ್ಟ್ಯಾಗ ಕಟ್ಟಿ ಮುಚ್ಚಳದ ಕೆಳಗ ತೂಗಬಿಡ್ರಿ."

"ನೆಗಡಿ ಎಣ್ಣಿ? ನುಸಿಗೇನು ನೆಗಡಿ ಆಗೇತೇನು?"

"ಆ ಘಾಟು ಹುಳದ ನರಕ್ಕ ಬಡಿತೈತಿ ಮಾವಾ. ಲವಂಗದ ಎಣ್ಣಿನೂ ಹಂಗ. ಒಂದ ದಿನಕ್ಕ ಎಲ್ಲಾ ಸಾಯಂಗಿಲ್ಲ, ಕಾಳಿನೊಳಗಿನ ಮರಿ ಉಳೀತಾವ. ಹದಿನೈದು ದಿನಕ್ಕೊಮ್ಮಿ ಬಿಚ್ಚಿ ನೋಡಬೇಕು. ಆದ್ರ ಡ್ರಮ್ಮು ಕೂಸಿನ ಖೋಲ್ಯಾಗ ಬ್ಯಾಡ. ಎಣ್ಣಿ ಬಾಟ್ಲಿನೂ ಹುಡುಗರ ಕೈಗೆ ಸಿಗಬಾರ್ದು, ಹೊಟ್ಟಿಗೆ ಹೋದ್ರ ಅದೂ ವಿಷನ."

ಹುಲುಗಮ್ಮ ಒಳಗ ಹೋಗಿ ಚೀಲದ ಕಿವಿ ಹಿಡಿದು ಎಳೆದ್ಲು. ಪಕ್ಕೀರಪ್ಪ ಇನ್ನೊಂದು ಕಡಿ ಹಿಡಿದ. ಏಳೂ ಚೀಲ ಅಂಗಳಕ್ಕ ಬಂದ್ವು.

"ಆ ಗುಳಿಗಿನ ಕೂಸಿನ ಜೀವ ತಗೊಂಡಿದ್ದಂತ ಎರ್ರಿಗೆ ಹೆಂಗ ಹೇಳ್ಲಿ ನಾನು?" ಅಂದ್ಲು ಹುಲುಗಮ್ಮ.

ಅಕ್ಕಾರ, ಅಣ್ಣಾರ, ನಿಮ್ಮ ಮನ್ಯಾಗ ಕಾಳಿನ ಚೀಲ ಎಲ್ಲಿ ಅದಾವ? ಬಾಜೂಕ ಯಾರು ಮಲಗ್ತಾರ? ಇವತ್ತ ಎದ್ದು ನೋಡ್ರಿ. ನುಸಿ ಗುಳಿಗಿ ಇದ್ರ ಬಿಚ್ಚಬ್ಯಾಡ್ರಿ, ರೈತ ಸಂಪರ್ಕ ಕೇಂದ್ರದಾಗ ಕೇಳ್ರಿ. ಜ್ವಾಳ ಮುಂದಿನ ಸುಗ್ಗಿಗೆ ಬರ್ತಾವ. ಎರ್ರಿಯ ಮೊಮ್ಮಗಳು ಬರಂಗಿಲ್ಲ.