ತೊಳೆದ ಸ್ಕ್ರೂಗಳು

ಆರು ದಿನ ಕಾರ್ಖಾನೆಯಲ್ಲಿ ದುಡಿದು, ತನ್ನಪ್ಪ ಬಿಟ್ಟುಹೋದ ಹಳೇ ಕಾರಿನ ರಿಪೇರಿಗೆಂದು ಏಳನೆಯ ದಿನ ಅದರ ಕೆಳಗೆ ತೂರಿ ತೂರಿ ಅವನ ಸೊಂಟ ಬಿದ್ದುಹೋಗಿತ್ತು. "ಇನ್ನೊಂದು ಭಾನುವಾರ ದಂಡ ಆದ್ರೆ ಇದನ್ನ ಗುಜರಿಗೆ ಹಾಕ್ತೀನಿ" ಎಂದು ಕಳೆದ ವಾರವೇ ಹೆಣ್ಣುಮಕ್ಕಳಿಬ್ಬರಿಗೂ ಹೇಳಿದ್ದ.

ಇವತ್ತು ಶೆಡ್ಡಿಗೆ ಬಂದು ನೋಡಿದರೆ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ ಒಂಬತ್ತು ಡಬ್ಬಿಗಳಲ್ಲಿಟ್ಟಿದ್ದ ಸ್ಕ್ರೂಗಳೆಲ್ಲ ಒಂದೇ ಬಕೆಟ್ಟಿನಲ್ಲಿದ್ದವು.

"ಸೀಮೆಎಣ್ಣೆ ಹಾಕಿ ತೊಳೆದೆ ಅಪ್ಪಾ. ಹೇಗೆ ಫಳಫಳ ಅಂತಿವೆ ನೋಡು!" ಎಂದಳು ಚಿಕ್ಕವಳು.

"ಫಳಫಳ ಅಂತೆ! ಬಾಗಿಲಿಗೆ ಯಾವುದು ಅಂತ ಈಗ ನಿನ್ನ ಮೂಗಿಗೆ ಹಾಕಿ ನೋಡೋಣ್ವಾ?" ಎಂದು ರೇಗಿದಳು ದೊಡ್ಡವಳು.

ಚಿಕ್ಕವಳು ಅಪ್ಪನ ಮುಖ ನೋಡಿದಳು. "ಗುಜರಿಗೆ ಹಾಕ್ತೀಯಾ ಅಪ್ಪಾ?"

ಬೈಯಲೂ ಅವನಲ್ಲಿ ತ್ರಾಣವಿರಲಿಲ್ಲ. ಕಳಚಿಟ್ಟ ಹಿಂದಿನ ಸೀಟಿನ ಮೇಲೆ ಉಸ್ಸೆಂದು ಕುಳಿತು, ಕಣ್ಣುಮುಚ್ಚಿ, ಬಕೆಟ್ಟಿನಿಂದ ಒಂದನ್ನೆತ್ತಿ ಹೆಬ್ಬೆರಳಿನಿಂದ ಸವರಿದ.

"ಇದು ಬಾನೆಟ್ಟಿಂದು."

"ನೋಡದೇ ಹೇಗೆ ಗೊತ್ತಾಯ್ತು?" ಎಂದಳು ಚಿಕ್ಕವಳು.

"ನಿನ್ನಷ್ಟಿದ್ದಾಗ ನಾನೂ ಇದೇ ಸ್ಕ್ರೂಗಳನ್ನ ಹೀಗೇ ತೊಳೆದಿಟ್ಟಿದ್ದೆ ಕಣೆ. ನಿಮ್ಮಜ್ಜ ಅಷ್ಟನ್ನೂ ನನ್ನ ಕೈಲೇ ಆರಿಸಿದ್ರು. ಮೂರು ಭಾನುವಾರ ಹಿಡೀತು. ಈಗ ಮೂರು ಜನ ಇದ್ದೀವಿ, ಡಬ್ಬಿ ತಾ."