ನೀಲಿ ಡ್ರಮ್ಮಿನ ಹೇಸಿಗೆ

ನಾನು ಒಂದು ನೀಲಿ ಡ್ರಮ್ಮು. ಕಾರ್ಖಾನೆಯಲ್ಲಿ ಹುಟ್ಟಿ, ಕೆಲವು ಕಾಲ ಉಪ್ಪಿನಕಾಯಿ ಹೊತ್ತು, ಗುಜರಿ ಅಂಗಡಿ ಸೇರಿದ್ದೆ. ಅಲ್ಲಿಂದ ನನ್ನನ್ನು ತಂದವಳು ಹಳೇ ಪೇಟೆಯ ವಠಾರದಲ್ಲಿ ಬಾಡಿಗೆಗಿದ್ದ ರಾಜೇಶ್ವರಿ. ಮೈತುಂಬ ತೂತು ಕೊರೆಸಿ ಹಿತ್ತಿಲಲ್ಲಿ ನಿಲ್ಲಿಸಿದಳು.

ಅಂದಿನಿಂದ ವಠಾರದ ಎಂಜಲೆಲ್ಲ ನನ್ನ ಬಾಯಿಗೆ. ಹಳಸಿದ ಅನ್ನ, ಹುಳಿಯ ತಳ, ಯಾರೋ ಜಗಿದು ಉಗಿದ ನುಗ್ಗೆಕಾಯಿ. ಥೂ, ಉಪ್ಪಿನಕಾಯಿ ಹೊತ್ತ ಮೈಗೆ ಇದೇನು ಗತಿ ಎಂದು ಹೇಸಿಕೊಂಡೆ. ಆದರೆ ರಾಜೇಶ್ವರಿ ದಿನವೂ ಅದರ ಮೇಲೆ ಒಣಗಿದ ಎಲೆ ಹರಡಿ, ಕೋಲಿನಿಂದ ಕೆದಕಿ ಗಾಳಿಯಾಡಿಸುತ್ತಿದ್ದಳು. ಕೆಲವೇ ತಿಂಗಳಲ್ಲಿ ಆ ಹೊಲಸೆಲ್ಲ ಕರಿಮಣ್ಣಾಗಿ ಉದುರಿತು. ನಾತವೇ ಇಲ್ಲ. ಆ ಗೊಬ್ಬರಕ್ಕೆ ಹಿತ್ತಿಲ ದಂಟು, ಬಸಳೆ ಹುಲುಸಾಗಿ ಬಂದವು. ಮೂಗು ಮುರಿದಿದ್ದವರೂ ಸೊಪ್ಪು ಕಿತ್ತುಕೊಂಡು ಹೋದರು.

ಅವಳ ಹಟಕ್ಕೆ ಕಾರಣವಿತ್ತು. ಊರಿನ ಕಸವೆಲ್ಲ ಲಾರಿಯಲ್ಲಿ ಹೋಗಿ ಬೀಳುವುದು ಅವಳ ತವರಿನ ಮಗ್ಗುಲಲ್ಲಿ. ಅಲ್ಲಿ ಗಾಳಿಯಿಲ್ಲದೆ ಕೊಳೆತ ಅನ್ನದ ರಸ ನೆಲಕ್ಕಿಳಿದು, ಅವಳ ಅವ್ವನ ಬಾವಿ ಕೆಡುತ್ತಾ ಬಂದಿತ್ತು.

"ನನ್ನ ಕೈಯಿಂದ ಒಂದು ಸಿಪ್ಪೇನೂ ಅಲ್ಲಿಗೆ ಹೋಗ್ಬಾರ್ದು" ಎನ್ನುತ್ತಿದ್ದಳು.

ಒಂದು ಮಳೆಗಾಲ ನಾನು ಗಬ್ಬು ನಾರತೊಡಗಿದೆ. ಒಳಗೆಲ್ಲ ಹುಳು ಮಿಜಿಗುಟ್ಟಿದವು. ವಠಾರದ ಯಜಮಾನರು ಶ್ರೀಕಂಠಯ್ಯ ಬಂದು, "ಇದನ್ನ ನಾಳೆ ಕಸದ ಲಾರಿಗೆ ಹಾಕ್ಸಿಬಿಡಮ್ಮ" ಎಂದರು.

ರಾಜೇಶ್ವರಿ ಸೆರಗು ಸಿಕ್ಕಿಸಿ ನನ್ನೊಳಗೆ ಕೈ ಹಾಕಿದಳು. ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಕವರುಗಳು ಒಂದೊಂದಾಗಿ ಹೊರಬಂದವು. ಒಳಗೆ ಪೂಜೆಯ ಹೂವು, ಗಾಳಿಯಾಡದೆ ಕೊಳೆತು ಲೋಳೆಲೋಳೆ.

"ಅದು ನಿರ್ಮಾಲ್ಯ ಕಣಮ್ಮ" ಎಂದರು ಯಜಮಾನರು, ಚೂರೂ ನಾಚದೆ. "ಎಂಜಲು ತಾಗ್ಬಾರ್ದು ಅಂತ ನಾನೇ ಕಟ್ಟಿ ಹಾಕ್ತಿದ್ದೆ."

"ನಮ್ಮವ್ವ ಕುಡಿಯೋ ನೀರಿಗೆ ತಾಗಬಹುದಾ ಯಜಮಾನ್ರೆ?"

ನನ್ನ ಹತ್ತಿರ ನಿಂತದ್ದಕ್ಕೆ ಮೈಲಿಗೆಯಾಯಿತೆಂದು ಅವರು ಸ್ನಾನಕ್ಕೆ ಹೋದರು. ಮರುದಿನ ಅವರೇ ಆಳು ಕರೆಸಿ ನನ್ನನ್ನು ಲಾರಿಗೆ ಎತ್ತಿಸಿದರು.

ಈಗ ಆ ಕಸದ ಗುಡ್ಡದಲ್ಲಿ ಸೀಳಿ ಬಿದ್ದಿದ್ದೇನೆ. ಸುತ್ತ ಮದುವೆಮನೆಗಳ ಊಟ ಕವರಿನೊಳಗೇ ಕೊಳೆಯುತ್ತದೆ. ಒಂದಿಷ್ಟು ಎಲೆ, ಗಾಳಿ ಸಿಕ್ಕಿದ್ದರೆ ಇದೆಲ್ಲ ಒಳ್ಳೆಯ ಮಣ್ಣಾಗುತ್ತಿತ್ತು. ನನಗೀಗ ಎಂಜಲು ಕಂಡರೆ ಹೇಸಿಗೆಯಿಲ್ಲ. ಅದನ್ನು ಗಂಟು ಕಟ್ಟಿ ಇನ್ನೊಬ್ಬರ ಬಾಗಿಲಿಗೆ ಕಳಿಸಿ ಕೈ ತೊಳೆದುಕೊಳ್ಳುವವರನ್ನು ನೆನೆದರೆ ಹೇಸಿಗೆ.

ಮೊನ್ನೆ ಹಬ್ಬಕ್ಕೆ ರಾಜೇಶ್ವರಿ ತವರಿಗೆ ಬಂದಳು. ಮಗಳು ಹೂವು, ಹಣ್ಣು ತರುವುದು ವಾಡಿಕೆ. ಅವಳು ಅವ್ವನಿಗೆ ಕುಡಿಯಲು ಒಂದು ಕ್ಯಾನು ನೀರು ಹೊತ್ತು ತಂದಿದ್ದಳು.