ಅರ್ಧ ಮಾರ್ಕಿನ ಆಸೆ

ಒಂಬತ್ತನೇ ಕ್ಲಾಸಿನ ಇಂಚರಳ ಪ್ರಬಂಧಕ್ಕೆ ಯಂತ್ರ ಕೊಟ್ಟಿದ್ದ ಹತ್ತಕ್ಕೆ ಹತ್ತು ಅಂಕವನ್ನು ಅಳಿಸಿ ಚೂಡಾಮಣಿ ಮಿಸ್ ಒಂಬತ್ತೂವರೆ ಎಂದು ಒತ್ತಿದರು. ಒತ್ತಿದ ಮೇಲೆ ಕಳ್ಳರ ಹಾಗೆ ಸ್ಟಾಫ್ ರೂಮಿನ ಸುತ್ತ ಕಣ್ಣಾಡಿಸಿದರು. ಯಡಿಯೂರು ಕೆರೆಯ ಬಗ್ಗೆ ಹುಡುಗಿ ಬರೆದದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.

'ಕಾರಣ ಬರೆಯಿರಿ' ಎಂದಿತು ಪರದೆ. ಬರೆಯುವುದೇನು, ಮಣ್ಣು! ಖಾಲಿ ಬಿಟ್ಟು ಮುಚ್ಚಿದರು.

ಈ ವರ್ಷದಿಂದ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುವುದು ಎಐ. ಮೇಷ್ಟರುಗಳು, ಮಿಸ್ಸುಗಳು ನೋಡಿ ಒಪ್ಪಿಗೆ ಕೊಟ್ಟರೆ ಸಾಕು. "ನನ್ ಭಾನುವಾರ ನನ್ಗೆ ವಾಪಸ್ ಬಂತು ಮೇಡಂ, ಸಖತ್ತಾಗಿದೆ" ಎಂದು ಗಣಿತದ ಶಶಿಕಾಂತ್ ಕುಣಿದಾಡಿದ್ದರು. ಸುಳ್ಳಲ್ಲ. ಚೂಡಾಮಣಿಯವರ ಕಣ್ಣುರಿಯೂ ಇಳಿದಿತ್ತು. ಯಂತ್ರ ತಮಗಿಂತ ನ್ಯಾಯವಾಗಿಯೇ ಅಂಕ ಕೊಡುತ್ತದೆಂದು ಅವರೇ ಒಪ್ಪುತ್ತಿದ್ದರು. ಆದರೆ ಪೇಪರ್ ಕೊಟ್ಟ ದಿನ ಊಟದ ಬೆಲ್ ಹೊಡೆದೊಡನೆ ಅವರ ಮೇಜಿಗೆ ಮುತ್ತುತ್ತಿದ್ದ ಆ ಸಂತೆ? "ಮಿಸ್, ಅರ್ಧ ಮಾರ್ಕು ಮಿಸ್, ಪ್ಲೀಸ್ ಮಿಸ್" ಎಂದು ಪಕ್ಕದ ಸ್ಟೂಲಿನಲ್ಲಿ ಕೂತು, ಅದೇ ನೆಪದಲ್ಲಿ ಅಪ್ಪನ ಸಿಟ್ಟು, ಪಕ್ಕದ ಮನೆಯ ನಾಯಿಮರಿ ಎಲ್ಲ ಹೇಳಿ ಹೋಗುತ್ತಿದ್ದ ಮಕ್ಕಳು? ಆಗ ಬೈದು ಅಟ್ಟುತ್ತಿದ್ದರು. ಈಗ ಆ ಗಲಾಟೆಗೆ ಜೀವ ಹಾತೊರೆಯುತ್ತಿತ್ತು.

ಇಂಚರ ಅರ್ಧ ಮಾರ್ಕು ಬಿಟ್ಟುಕೊಡುವ ಕುಳವಲ್ಲ. ಬಂದೇ ಬರುತ್ತಾಳೆ. ಚೂಡಾಮಣಿ ಸ್ಟೂಲು ಒರೆಸಿಟ್ಟರು. ತಿನ್ನುವಾಗ ಡಬ್ಬಿಯಲ್ಲಿ ಒಂದಿಷ್ಟು ಅವಲಕ್ಕಿ ಉಳಿಸಿದರು. ಊಟದ ಹೊತ್ತು ಮುಗಿಯಿತು, ಬಾಗಿಲಲ್ಲಿ ಯಾರೂ ಇಲ್ಲ.

ಮರುದಿನ ಕಾರಿಡಾರಿನಲ್ಲಿ ತಾವೇ ತಡೆದು ಕೇಳಿದರು. "ಮಾರ್ಕ್ಸ್ ನೋಡ್ಕೊಂಡ್ಯೇನೇ?"

"ಹ್ಞೂ ಮಿಸ್. ಅರ್ಧ ಕಮ್ಮಿ ಆಗಿತ್ತು. ಆ್ಯಪಲ್ಲೇ ಕೇಳ್ದೆ. ಕಮ್ಮಿ ಮಾಡಿದ್ದಕ್ಕೆ ಕಾರಣ ಬರ್ದಿಲ್ಲ ಅಂತ ಆ ಅರ್ಧ ಮಾರ್ಕು ವಾಪಸ್ ಹಾಕ್ಬಿಡ್ತು."

"ನನ್ನತ್ರ ಬರ್ಬಾರ್ದಿತ್ತಾ?"

"ಪಾಪ, ನಿಮ್ಗ್ಯಾಕೆ ತೊಂದ್ರೆ ಕೊಡೋದು ಅಂತ ಮಿಸ್" ಎಂದು ಹುಡುಗಿ ನಿಜವಾದ ಅಕ್ಕರೆಯಿಂದಲೇ ನಕ್ಕು ಓಡಿದಳು.

ಬೈಯೋಣವೆಂದರೆ ಮಗು ಹೇಳಿದ್ದರಲ್ಲಿ ತಪ್ಪೇನಿತ್ತು?

ಊಟದ ಹೊತ್ತಿಗೆ ಶಶಿಕಾಂತ್ ಬಂದು ಸ್ಟೂಲಿಗೆ ಕೈ ಹಾಕಿದರು. "ಮೇಡಂ, ಇದು ಖಾಲಿನೇ ಅಲ್ವಾ? ಫ್ಯಾನ್ ಒರೆಸೋಕೆ ಬೇಕಿತ್ತು. ತಗೊಳ್ಲಾ?"

"ಬೇಡ ಸಾರ್, ಇರ್ಲಿ. ಯಾರಾದ್ರೂ ಬರ್ತಾರೆ" ಎಂದರು ಚೂಡಾಮಣಿ. ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಬಾಗಿಲ ಕಡೆ ಮುಖಮಾಡಿ ಡಬ್ಬಿಯ ಮುಚ್ಚಳ ತೆಗೆದರು.